ಪಲ್ಟನ್ನಿನಲ್ಲಿ ಬರೆಸಿದ ಹೆಸರು

ಆಶ್‌ಬರ್ನ್, ವರ್ಜೀನಿಯಾ
೧೪ ಅಕ್ಟೋಬರ್ ೨೦೦೬, ಶನಿವಾರ

ಪ್ರೀತಿಯ ಲಚ್ಚು,

ಡರ್ಹಮ್‌ನಲ್ಲಿ ನೀನು ಹುಷಾರಾಗಿದ್ದಿ ಎಂದುಕೊಂಡು ಬರೆಯುತ್ತಿದ್ದೇನೆ. ಹುಷಾರಿಲ್ಲದಿದ್ದರೂ ನೀನು ಹೇಳುವವಳಲ್ಲ ಬಿಡು. ನಿನ್ನ ಕಾಗದ ಬಂದು ಐದು ವಾರ ಆಯಿತು. ಉತ್ತರ ತಡವಾದದ್ದಕ್ಕೆ ಕೈನೋವು, ಕನ್ನಡಕ, ಮೊಮ್ಮಗಳ ಜ್ವರ ಎಂದು ಏನಾದರೂ ನೆಪ ಹೇಳಬಹುದಿತ್ತು. ಕೈ ನೋಯುತ್ತಿಲ್ಲ, ಕನ್ನಡಕವೂ ಸರಿಯಾಗಿದೆ. ಹೆದರಿಕೆ, ಅಷ್ಟೇ. ನಾಲ್ಕು ಸಲ ಬರೆಯಲು ಕುಳಿತೆ, ನಾಲ್ಕು ಸಲವೂ ಎದ್ದು ಹೋಗಿ ಬಂಗುಡೆ ತೊಳೆದೆ. ನಿನ್ನ ಅಣ್ಣ ಗುರು ಫ್ರಿಜ್ ತೆಗೆದು ನೋಡಿ, "ಇದೆಂತ ಅಮ್ಮ, ವೀಕೆಂಡ್ ಪಾರ್ಟಿ ಉಂಟಾ?" ಎಂದು ಕೇಳಿದ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಎರಡು ನಿಮಿಷಕ್ಕೆ "ಅಮ್ಮ, ಲ್ಯಾಬಿಗೆ ಹೋಗ್ಬೇಕು" ಎನ್ನುತ್ತಿ, ನಾನು ಬದುಕಿದೆ ಎಂದು ಇಟ್ಟುಬಿಡುತ್ತೇನೆ. ಕಾಗದದಲ್ಲಾದರೆ ಇಬ್ಬರೂ ತಪ್ಪಿಸಿಕೊಳ್ಳುವ ಹಾಗಿಲ್ಲ. ಮುಂಬಯಿಯಲ್ಲಿ ಎಲ್ಲರೂ ಇಂಗ್ಲಿಷ್ ಇಂಗ್ಲಿಷ್ ಎಂದು ಓಡುತ್ತಿದ್ದಾಗ ನಾನು ನಿನ್ನನ್ನು ನಾಲ್ಕನೇ ಕ್ಲಾಸಿನವರೆಗೆ ಮುನಿಸಿಪಾಲಿಟಿಯ ಕನ್ನಡ ಶಾಲೆಗೆ ಹಾಕಿದೆ. ಆಗ ನಿನ್ನ ಅಪ್ಪನ ಹತ್ತಿರ ಬೈಸಿಕೊಂಡದ್ದು ಇವತ್ತು ಸಾರ್ಥಕವಾಯಿತು.

ನೀನು ಬರೆದದ್ದು ಅರ್ಧ ಪುಟ. ಅನ್ವಿತ್‌ನ ತಾಯಿ ವಿದ್ಯಾವತಿಯವರು ಮುಂಬಯಿಯಿಂದ ಬ್ಯಾಲಂಟೈನ್‌ಗೆ, ಮಗನ ಮನೆಗೆ ಬಂದಿದ್ದಾರೆ. ನೀನು ಅವರಿಗೆ ಹಿಡಿಸಿದ್ದಿ, ನಿನ್ನ ಕೆಲಸ ಹಿಡಿಸಿದೆ, ನೀನು ಮಾಡಿದ ಸಿಗಡಿ ಗಸಿ ಕೂಡ ಹಿಡಿಸಿದೆ. ಆದರೆ ಎರಡು ಕಡೆಯೂ ಕರ್ಕೇರ ಬರಿ. ಗೋತ್ರದ ಹಾಗೆ, ತಾಯಿಯಿಂದ ಮಕ್ಕಳಿಗೆ ಬರುವ ಬರಿ ಒಂದೇ ಆದರೆ ಹುಡುಗ ಹುಡುಗಿ ಅಣ್ಣ ತಂಗಿಯಾದ ಹಾಗೆ, ಈ ಮದುವೆ ಆಗುವಂಥದ್ದಲ್ಲ ಎಂದುಬಿಟ್ಟಿದ್ದಾರೆ. ನವೆಂಬರ್ ಇಪ್ಪತ್ತಕ್ಕೆ ವಾಪಸು ಹೋಗುತ್ತಾರೆ, ಹೋದ ಮೇಲೆ ಮುಂಬಯಿಯಲ್ಲಿ ಬೇರೆ ಹುಡುಗಿ ನೋಡುತ್ತಾರೆ. "ಊರಿನ ಹಿರಿಯರನ್ನು ಯಾರನ್ನಾದರೂ ಕೇಳಿ ಏನಾದರೂ ದಾರಿ ಇದ್ದರೆ ತಿಳಿಸು ಅಮ್ಮ. ಅನ್ವಿತ್ ಅವರಮ್ಮನ ಮಾತು ಮೀರುವವನಲ್ಲ. ಮೀರು ಎಂದು ನಾನೂ ಹೇಳುವುದಿಲ್ಲ" ಎಂದು ಬರೆದಿದ್ದಿ. ಆ ಕೊನೆಯ ಸಾಲನ್ನು ಮತ್ತೆ ಮತ್ತೆ ಓದಿದೆ. ನೀನು ಜಗಳ ಮಾಡಿದ್ದರೆ, ಇದೆಲ್ಲ ಗೊಡ್ಡು ಎಂದು ಬೈದಿದ್ದರೆ ನನಗೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ದಾರಿ ಉಂಟು ಲಚ್ಚು. ಊರಿನ ಹಿರಿಯರ ಹತ್ತಿರ ಅಲ್ಲ, ನನ್ನ ಹತ್ತಿರವೇ ಉಂಟು. ಅದನ್ನು ಹೇಳುವ ಮೊದಲು ಸಮತರ್ ಅಜ್ಜನ ಸುದ್ದಿ ಹೇಳಬೇಕು. ಅವರಿಲ್ಲದಿದ್ದರೆ ನಾನು ಇವತ್ತೂ ಬಂಗುಡೆ ತೊಳೆಯುತ್ತಿದ್ದೆ.

ಹರ್ಷಾ ನನ್ನನ್ನು ಸ್ಟರ್ಲಿಂಗ್‌ನ ಲೈಬ್ರರಿಯಲ್ಲಿ ನಡೆಯುವ ಇಂಗ್ಲಿಷ್ ಕ್ಲಾಸಿಗೆ ಸೇರಿಸಿದ್ದಾಳೆ. ವಾರಕ್ಕೆ ಎರಡು ದಿನ. ಅತ್ತೆಗೆ ಇಂಗ್ಲಿಷ್ ಬರಲಿ ಎಂದೋ, ಆ ಎರಡು ದಿನವಾದರೂ ಮನೆಯಲ್ಲಿ ಮೀನು ಹುರಿದು ಸ್ಮೋಕ್ ಅಲಾರ್ಮ್ ಹೊಡೆದುಕೊಳ್ಳದಿರಲಿ ಎಂದೋ ನಾನು ಕೇಳಲು ಹೋಗಲಿಲ್ಲ. ಸೊಸೆ ಒಳ್ಳೆಯವಳೇ. ಕ್ಲಾಸಿನಲ್ಲಿ ನಾವು ಏಳು ಜನ. ಕೊರಿಯಾದ ಗಂಡ ಹೆಂಡತಿ, ಎಲ್ ಸಾಲ್ವಡಾರ್‌ನ ಮೂವರು ಹೆಂಗಸರು, ನಾನು, ಸೋಮಾಲಿಯಾ ಕಡೆಯ ಸಮತರ್ ಅಜ್ಜ. ಅಜ್ಜನಿಗೆ ಎಂಬತ್ತು. ಕೋಲಿನ ಹಾಗೆ ನೆಟ್ಟಗೆ ಕೂರುತ್ತಾರೆ, ಗಡ್ಡಕ್ಕೆ ಮದರಂಗಿ ಹಚ್ಚುತ್ತಾರೆ. ಮೊದಲ ದಿನವೇ ನನ್ನ ಸೀರೆ ನೋಡಿ "ಕೈಸಾ ಹೈ ಬೆಹನ್?" ಎಂದರು. ನಾನು ಕುರ್ಚಿಯಿಂದ ಬೀಳುವುದೊಂದು ಬಾಕಿ. ಬ್ರಿಟಿಷರ ಕಾಲದಲ್ಲಿ ಅವರ ಊರಿನ ಪಲ್ಟನ್ನಿನಲ್ಲಿ ಸಿಪಾಯಿಯಾಗಿದ್ದರಂತೆ, ಮೊದಲು ಒಂಟೆಯ ಮೇಲೆ, ಆಮೇಲೆ ಲಾರಿಯಲ್ಲಿ. ಉಗ್ರಾಣದ ಗುಮಾಸ್ತ, ಬಂದರಿನ ಅಂಗಡಿಯವ, ದರ್ಜಿ ಎಲ್ಲ ನಮ್ಮ ದೇಶದವರೇ. ಹಾಗೆ ಕಲಿತ ಹಿಂದೂಸ್ತಾನಿ. ನನ್ನದು ಮುಂಬಯಿಯ ಮೀನು ಮಾರ್ಕೆಟ್ಟಿನ ಹಿಂದಿ. ಎರಡಕ್ಕೂ ವ್ಯಾಕರಣ ಎಂಬುದಿಲ್ಲ, ಹಾಗಾಗಿ ಚೆನ್ನಾಗಿ ಹೊಂದಿಕೊಂಡಿತು.

ಕಳೆದ ತಿಂಗಳು ಟೀಚರಮ್ಮ ಎಲ್ಲರಿಗೂ ಒಂದೊಂದು ಕಾಗದ ಕೊಟ್ಟರು. ಅದರಲ್ಲಿ ಮರದ ಚಿತ್ರ, ಮರದಲ್ಲಿ ಏಳು ಚೌಕ. ನಾವು, ಅಪ್ಪ ಅಮ್ಮ, ಇಬ್ಬರು ಅಜ್ಜ ಇಬ್ಬರು ಅಜ್ಜಿ. ಹೆಸರು ತುಂಬಿಸಿ, ಎದ್ದು ನಿಂತು ಓದಬೇಕು. ನಾನು ಏನೋ ಒಂದಿಷ್ಟು ಗೀಚಿ ಓದಿದೆ. ಅಜ್ಜನ ಸರದಿ ಬಂದಾಗ ಅವರು ಕಾಗದ ಮೇಜಿನ ಮೇಲೆಯೇ ಬಿಟ್ಟು ಎದ್ದರು. ಸಮತರ್, ಗೂಲೆದ್, ಫಾರಾ, ವಾರ್ಸಮೆ ಎಂದು ಶುರು ಮಾಡಿದವರು ಉಸಿರು ಬಿಡದೆ ಹೇಳುತ್ತಲೇ ಹೋದರು. ತಂದೆ, ತಂದೆಯ ತಂದೆ, ಅವರ ತಂದೆ, ಹೀಗೆ ಇಪ್ಪತ್ತೆರಡು ಅಜ್ಜಂದಿರು. ಅವರಲ್ಲಿ ಐದು ವರ್ಷದ ಮಗುವಿಗೇ ಇದು ಬಾಯಿಪಾಠ. ಇಬ್ಬರು ಭೇಟಿಯಾದರೆ ಊರು ಯಾವುದು ಎಂದು ಕೇಳುವುದಿಲ್ಲವಂತೆ, ಅಜ್ಜಂದಿರನ್ನು ಹೇಳು ಎನ್ನುತ್ತಾರಂತೆ. ಇಬ್ಬರ ಅಜ್ಜಂದಿರು ಎಲ್ಲಿ ಒಂದಾಗುತ್ತಾರೋ ಅಲ್ಲಿಂದ ಸಂಬಂಧದ ಲೆಕ್ಕ. ನಮ್ಮ ಬರಿ ಇದ್ದ ಹಾಗೆಯೇ ಎಂದುಕೊಂಡೆ, ನಮ್ಮದು ತಾಯಿಯ ಕಡೆಯಿಂದ, ಅವರದು ತಂದೆಯ ಕಡೆಯಿಂದ.

ಟೀಚರಮ್ಮ ಚಪ್ಪಾಳೆ ತಟ್ಟಿದರು, ಕೊರಿಯಾದವರೂ ತಟ್ಟಿದರು. ಅಜ್ಜ ಕುಳಿತರು. ಕ್ಲಾಸು ಮುಗಿದರೂ ಏಳಲಿಲ್ಲ. ಹೊರಗೆ ಅವರ ಮಗಳು ಹೋದನ್ ಕಾರಿನ ಹಾರನ್ ಎರಡು ಸಲ ಹೊಡೆದಳು. "ಅಜ್ಜ, ಮಗಳು ಕರೀತಿದ್ದಾಳೆ" ಎಂದೆ. ಅವರು ನನ್ನ ಮುಖ ನೋಡದೆ ಹೇಳಿದರು, "ಬೆಹನ್, ಈಗ ಹೇಳಿದೆನಲ್ಲ, ಅದರಲ್ಲಿ ಮೊದಲನೇ ಹೆಸರು ಮಾತ್ರ ನನ್ನದು. ಉಳಿದ ಇಪ್ಪತ್ತೆರಡು ಜನ ಬೇರೆಯವರ ಅಜ್ಜಂದಿರು." ಇಷ್ಟು ಹೇಳಿ ಎದ್ದು ಹೋದರು.

ಮುಂದಿನ ಕ್ಲಾಸಿಗೆ ಅರ್ಧ ಗಂಟೆ ಮೊದಲೇ ಹೋಗಿ ಕಾಯುತ್ತಾ ಕುಳಿತೆ. ಆಗಷ್ಟೇ ರಂಜಾನ್ ಉಪವಾಸ ಶುರುವಾಗಿತ್ತು. ಅದು ತಿಳಿಯದೆ ನಾನು ಚಕ್ಕುಲಿ ಕೊಟ್ಟೆ, ಅವರು ಕರವಸ್ತ್ರದಲ್ಲಿ ಕಟ್ಟಿ ಸಂಜೆಗೆಂದು ಜೇಬಿಗೆ ಹಾಕಿಕೊಂಡರು. ಮತ್ತೆ ತಾವಾಗಿಯೇ ಹೇಳಿದರು.

ಹದಿನೇಳು ವರ್ಷವಂತೆ ಆಗ. ಅಣ್ಣಂದಿರಿಗೆ ಒಂಟೆ ಕಾಯುವ ಕೆಲಸ, ಇವರಿಗೆ ಕುರಿ. ಖಾಕಿ ಹಾಕಿ ರೈಫಲ್ ಹಿಡಿದ ಒಬ್ಬ ಸಿಪಾಯಿ ಬಾವಿಯ ಹತ್ತಿರ ನೀರು ಕುಡಿಯುವುದನ್ನು ನೋಡಿ ತಲೆ ಕೆಟ್ಟಿತು. ಮನೆಯಲ್ಲಿ ಹೇಳದೆ ನಾಲ್ಕು ದಿನ ನಡೆದು ಪಲ್ಟನ್ನಿನ ಭರ್ತಿಗೆ ಹೋದರು. ಅಲ್ಲಿ ಕುಲದ ಲೆಕ್ಕದಲ್ಲಿ ಜನ ಆರಿಸುತ್ತಿದ್ದರಂತೆ, ಇಂಥವರು ಇಷ್ಟು, ಅಂಥವರು ಇಷ್ಟು ಎಂದು. ಇವರು ಅಜ್ಜಂದಿರನ್ನು ಹೇಳಿದ ಕೂಡಲೇ, "ನಿಮ್ಮವರು ತುಂಬಿದರು, ಮನೆಗೆ ಹೋಗು" ಎಂದು ಕಳಿಸಿದರು. ಇವರು ಹೋಗಲಿಲ್ಲ. ಡೇರೆಯ ಹಿಂದಿನಿಂದ ಸುತ್ತಿ ಬಂದು, ಬೇರೆ ಗುಮಾಸ್ತನ ಸಾಲಿನ ಕೊನೆಗೆ ನಿಂತು, ಸೋದರಮಾವನ ಅಜ್ಜಂದಿರನ್ನು ಹೇಳಿಬಿಟ್ಟರು. ಚಿಕ್ಕಂದಿನಿಂದ ಮಾವನ ಮನೆಯಲ್ಲಿ ಕೇಳಿ ಕೇಳಿ ಅದೂ ಬಾಯಿಗೆ ಬರುತ್ತಿತ್ತು. ಹಾಗೇ ಬರೆದುಕೊಂಡರು. ಎರಡೂ ಕುಲದ ಹೆಸರು ಹೇಳಿದ್ದಾರೆ, ಆದರೆ ಎಲ್ಲೂ ಬರೆಯಬೇಡ ಎಂದಿದ್ದಾರೆ. ಎರಡೂ ಕಡೆಯವರು ಇಲ್ಲಿ ವರ್ಜೀನಿಯಾದಲ್ಲೇ ಟ್ಯಾಕ್ಸಿ ಓಡಿಸುತ್ತಾರಂತೆ.

"ಸೋದರಮಾವನ ಬರಿ ನಮ್ಮಲ್ಲಿ ನಮ್ಮದೇ ಬರಿ. ನಮ್ಮಲ್ಲಾಗಿದ್ದರೆ ಅದು ಸುಳ್ಳೇ ಅಲ್ಲ ಅಜ್ಜ" ಎಂದೆ. ಅವರು ಆ ದಿನ ನಕ್ಕದ್ದು ಅದೊಂದೇ ಸಲ. "ಹಾಗಾದರೆ ನಿಮ್ಮ ಊರಿನಲ್ಲಿ ಹುಟ್ಟಬೇಕಿತ್ತು. ಆದರೆ ನಿಮ್ಮಲ್ಲಿ ಒಂಟೆ ಇಲ್ಲವಲ್ಲ" ಎಂದರು.

ಮೂರನೇ ವರ್ಷ ಅವರ ಅಪ್ಪ ಹುಡುಕಿಕೊಂಡು ಬಂದರಂತೆ. ಬೆಳಗಿನ ಪರೇಡಿನ ಹೊತ್ತು. ಗೇಟಿನ ಹತ್ತಿರ ನಿಂತು, ತಮ್ಮ ಹೆಸರು ಸೇರಿಸಿ ರೋಬ್ಲೆಯ ಮಗ ಸಮತರ್ ಎಂದು ಶುರು ಮಾಡಿ ತಮ್ಮ ಅಜ್ಜಂದಿರನ್ನೆಲ್ಲ ದೊಡ್ಡ ದನಿಯಲ್ಲಿ ಹೇಳಿದರು. ಹವಾಲ್ದಾರ ಸಾಲಿನ ಮುಂದೆ ನಡೆಯುತ್ತಾ, "ಈ ಮುದುಕನ ಮಗ ಯಾರಾದರೂ ಇದ್ದಾರಾ?" ಎಂದು ಕೇಳಿದ. ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ದೂರದ್ದು ಕಾಣುತ್ತಿರಲಿಲ್ಲ. ಇವರು ಮುಂದೆ ಬಂದರೆ ಸುಳ್ಳು ಬಯಲಾಗುತ್ತದೆ, ಸೋದರಳಿಯ ಎಂದು ಸುಮ್ಮನಿದ್ದ ಮಾವನ ಕಡೆಯ ಸಿಪಾಯಿಗಳಿಗೂ ಶಿಕ್ಷೆಯಾಗುತ್ತದೆ. ಇವರು ಎದುರು ನೋಡುತ್ತಾ ನಿಂತೇ ಇದ್ದರು. "ಇಲ್ಲ ಮುದುಕಾ, ಅಂಥವನು ಇಲ್ಲಿಲ್ಲ" ಎಂದ ಹವಾಲ್ದಾರ. ಅಪ್ಪ ಮಧ್ಯಾಹ್ನದವರೆಗೆ ಗೇಟಿನ ಹೊರಗೆ ಕುಳಿತಿದ್ದು, ತಂದಿದ್ದ ತುಪ್ಪದ ತೊಗಲಿನ ಚೀಲವನ್ನು ಪಹರೆಯವನ ಕೈಗೆ ಕೊಟ್ಟು, "ಇಲ್ಲಿ ಯಾರ ಮಗನಿದ್ದರೂ ತಿನ್ನಲಿ" ಎಂದು ಹೇಳಿ ಹೋದರಂತೆ. ಸಂಜೆ ಎಲ್ಲರ ರೊಟ್ಟಿಗೂ ಆ ತುಪ್ಪ ಹಾಕಿದರು.

"ನಾನೂ ತಿಂದೆ ಬೆಹನ್" ಎಂದರು ಅಜ್ಜ. "ಅಮ್ಮ ಕಾಸಿದ ತುಪ್ಪ ಎಂದು ಬಾಯಿಗೆ ಗೊತ್ತಾಯಿತು. ಎರಡನೇ ಸಲ ಹಾಕಿಸಿಕೊಂಡೆ." ಆಮೇಲೆ ಅಪ್ಪನನ್ನು ನೋಡಲಿಲ್ಲ. ಒಂದು ವರ್ಷದಲ್ಲಿ ಅವರು ಹೋದರು, ಅದೂ ಸಂತೆಯಲ್ಲಿ ಯಾರೋ ಯಾರಿಗೋ ಹೇಳುವಾಗ ಕಿವಿಗೆ ಬಿದ್ದದ್ದು. ಪಲ್ಟನ್ ಬಿಟ್ಟ ಮೇಲೂ ಕಾಗದಪತ್ರ ಎಲ್ಲ ಆ ಹೆಸರಿನಲ್ಲೇ. ಮದುವೆ ಆ ಹೆಸರಿನಲ್ಲಿ, ಮಕ್ಕಳಿಗೆ ಕಲಿಸಿದ್ದು ಆ ಅಜ್ಜಂದಿರನ್ನು.

ಉಪವಾಸ ಶುರುವಾದ ಎರಡನೇ ದಿನ ಹೋದನ್‌ಗೆ ಎಲ್ಲ ಹೇಳಿದ್ದಾರೆ. ಅವಳಿಗೆ ಐವತ್ತು ವರ್ಷ, ಮೊಮ್ಮಕ್ಕಳಿದ್ದಾರೆ. "ಹಾಗಾದರೆ ನಾನು ಯಾರು?" ಎಂದು ಕೇಳಿದಳಂತೆ. ಆಮೇಲೆ ಅಪ್ಪನ ಹತ್ತಿರ ಮಾತಿಲ್ಲ. ಈಗಲೂ ಇಲ್ಲ. ಕ್ಲಾಸಿಗೆ ಕರೆದುಕೊಂಡು ಬರುತ್ತಾಳೆ, ಕಾರಿನಿಂದ ಇಳಿಯುವುದಿಲ್ಲ, ಕಿಟಕಿ ಏರಿಸಿ ಕೂರುತ್ತಾಳೆ. "ಹೇಳಬಾರದಿತ್ತೋ ಏನೋ ಅಜ್ಜ" ಎಂದೆ. "ಕರೆದುಕೊಂಡು ಬರುತ್ತಾಳಲ್ಲ" ಎಂದರು. "ಮೊದಲು ಅವಳು ಕರೆದುಕೊಂಡು ಬರುತ್ತಿದ್ದದ್ದು ಆ ಇಪ್ಪತ್ತೆರಡು ಜನರ ಮೊಮ್ಮಗನನ್ನು. ಈಗ ನನ್ನನ್ನು."

ಈಗ ನನ್ನ ಸರದಿ ಲಚ್ಚು. ನಾನು ಕರ್ಕೇರ ಅಲ್ಲ.

ಸಾವಿರದ ಒಂಬೈನೂರ ಅರವತ್ತನಾಲ್ಕು. ನನಗೆ ಇಪ್ಪತ್ತೊಂದು. ಹೊಲಿಗೆ ಕಲಿಯಲು ಹೆಜಮಾಡಿಯಿಂದ ಮುಂಬಯಿಗೆ, ಊರಿನ ಗೆಳತಿ ಊರ್ಮಿಳಾಳ ಅಕ್ಕನ ಮನೆಗೆ ಬಂದಿದ್ದೆ. ಕೆಳಗಿನ ಕ್ಯಾಂಟೀನಿನ ಗಲ್ಲಾಪೆಟ್ಟಿಗೆಯ ಮುಂದೆ ಕೂರುತ್ತಿದ್ದ ಐತಪ್ಪ ಸಾಲ್ಯಾನ್ ಎಂಬವರು ಚಹಾದ ಜೊತೆ ದಿನಾ ಒಂದು ಬನ್ಸ್ ಜಾಸ್ತಿ ಕಳಿಸುತ್ತಿದ್ದರು. ನಿನ್ನ ಅಪ್ಪ ಮಾತಿನಲ್ಲಿ ಹಿಂದೆ, ಬನ್ಸಿನಲ್ಲಿ ಮುಂದೆ. ಆರು ತಿಂಗಳಾದ ಮೇಲೆ ಒಂದು ದಿನ ಸಮುದ್ರದ ದಂಡೆಯಲ್ಲಿ ಬರಿ ಯಾವುದು ಎಂದು ಕೇಳಿದರು. ನಾನೂ ಸಾಲ್ಯಾನ್. ಇಬ್ಬರೂ ಕಡಲೆ ತಿನ್ನುವುದನ್ನು ನಿಲ್ಲಿಸಿದೆವು. ಆಗಲೇ ಎದ್ದು ಬೇರೆ ಬೇರೆ ದಾರಿ ಹಿಡಿಯಬೇಕಿತ್ತು. ಹಿಡಿಯಲಿಲ್ಲ. ಆಗಲಿಲ್ಲ. ನಿನ್ನ ಅಪ್ಪನನ್ನು ಬಿಟ್ಟು ನನಗೆ ಆಗುತ್ತಿರಲಿಲ್ಲ, ಇವತ್ತು ಅವರು ಹೋಗಿ ಮೂರು ವರ್ಷವಾದರೂ ಆಗುತ್ತಿಲ್ಲ.

ಬುದ್ಧಿ ಅವರದು, ನಾಲಿಗೆ ನನ್ನದು. ಅವರ ಅಕ್ಕ, ನಿನ್ನ ದೊಡ್ಡತ್ತೆ, ಕಾಪುವಿನಿಂದ ಬಂದು ನನ್ನನ್ನು ಎದುರು ಕೂರಿಸಿ ಕೇಳಿದರು. ಕುಂದಾಪುರದ ಕಡೆಯವಳು, ಕರ್ಕೇರ ಬರಿ ಎಂದೆ. ಅದು ಊರ್ಮಿಳಾಳ ಬರಿ, ಬೇಗ ಬಾಯಿಗೆ ಬಂದದ್ದು ಅದೇ. ಹದಿನೈದು ದಿನದಲ್ಲಿ ಮದುವೆಯಾಯಿತು. ಗುರುವನ್ನು ಶಾಲೆಗೆ ಸೇರಿಸುವಾಗ ಕರ್ಕೇರ ಎಂದು ಬರೆಸಿದೆ, ನಿನ್ನನ್ನು ಸೇರಿಸುವಾಗಲೂ ಅದನ್ನೇ ಬರೆಸಿದೆ. ನಿಮ್ಮ ಪಾಸ್‌ಪೋರ್ಟ್, ವೀಸಾ, ನಿನ್ನ ಲ್ಯಾಬಿನ ಬಾಗಿಲಿನ ಬೋರ್ಡು, ಎಲ್ಲದರಲ್ಲಿ ಇರುವುದು ಊರ್ಮಿಳಾಳ ತಾಯಿಯ ಬರಿಯ ಹೆಸರು.

ನೀನು ಸಾಲ್ಯಾನ್ ಲಚ್ಚು. ಅನ್ವಿತ್ ಕರ್ಕೇರ. ನಿಮ್ಮಿಬ್ಬರಿಗೆ ಯಾವ ಅಡ್ಡಿಯೂ ಇಲ್ಲ. ಅಡ್ಡಿ ಇದ್ದದ್ದು ನನಗೂ ನಿನ್ನ ಅಪ್ಪನಿಗೂ.

ಇದನ್ನು ಹೇಳಿದರೆ ವಿದ್ಯಾವತಿಯವರು ಏನು ಹೇಳುತ್ತಾರೋ ಗೊತ್ತಿಲ್ಲ. ಬರಿ ಬೇರೆ ಎಂದು ಒಪ್ಪಬಹುದು. ಒಂದೇ ಬರಿಯವರು ಸೇರಿ ಹೆತ್ತ ಮಗಳು, ಸುಳ್ಳು ಹೇಳಿದವಳ ಮಗಳು ಎಂದು ಮೊದಲಿಗಿಂತ ಗಟ್ಟಿಯಾಗಿ ಬೇಡವೆನ್ನಲೂಬಹುದು. ಐದು ವಾರ ನನ್ನನ್ನು ಹಿಡಿದಿಟ್ಟದ್ದು ಈ ಎರಡನೆಯದೇ. ಆದರೆ ಸುಮ್ಮನಿದ್ದರೆ ನಿನಗೆ ಖಂಡಿತ ಇಲ್ಲ, ಹೇಳಿದರೆ ಅರ್ಧವಾದರೂ ಉಂಟು. ಈ ಕಾಗದವನ್ನು ಅವರಿಗೆ ಓದಲು ಕೊಡು. ನನ್ನ ಬಾಯಿಂದಲೇ ಕೇಳಬೇಕು ಎಂದರೆ ಗುರುವಿನ ಕಾರಿನಲ್ಲಿ ಏಳು ಗಂಟೆ ಕುಳಿತು ಬ್ಯಾಲಂಟೈನ್‌ಗೆ ಬರುತ್ತೇನೆ. ಅವರ ಎದುರು ಕುಳಿತು ಹೇಳುತ್ತೇನೆ, ಬೈದರೆ ಬೈಸಿಕೊಳ್ಳುತ್ತೇನೆ.

ಗುರುವಿಗೆ ಇವತ್ತು ಬೆಳಿಗ್ಗೆ ಹೇಳಿದೆ. ಅವನು ಪೂರ್ತಿ ಕೇಳಿ, "ಸೋ ವಾಟ್ ಅಮ್ಮ? ನೇಮ್ ಚೇಂಜ್ ಎಲ್ಲ ಈಗ ಬೇಡ, ಗ್ರೀನ್ ಕಾರ್ಡ್ ಪೆಂಡಿಂಗ್ ಉಂಟು" ಎಂದು ಹೇಳಿ ಕೋಸ್ಟ್‌ಕೋಗೆ ಹೊರಟುಹೋದ. ನಲವತ್ತೆರಡು ವರ್ಷ ನಾನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದು ಅವನಿಗೆ ಹಾಲು ಮೊಟ್ಟೆ ತರುವುದಕ್ಕಿಂತ ಸಣ್ಣ ವಿಷಯ. ನಿನಗೆ ಹಾಗಲ್ಲ ಎಂದು ಗೊತ್ತು. ನಿನಗೆ ಸಿಟ್ಟು ಬರುತ್ತದೆ. ಬರಲಿ. ಹೋದನ್ ಹಾಗೆ ಕಿಟಕಿ ಏರಿಸಿಕೊಂಡು ಕೂತರೂ ಪರವಾಗಿಲ್ಲ, ಬಂದು ಬಾಗಿಲಿನ ಹತ್ತಿರ ಕೂತರೆ ಸಾಕು ನನಗೆ. ನಿನ್ನನ್ನು ನೋಡದೆ ಯುಗಾದಿಯಿಂದ ಏಳು ತಿಂಗಳಾಗುತ್ತಾ ಬಂತು. ಮೊನ್ನೆ ಕ್ಲಾಸಿನಿಂದ ಬರುವಾಗ ನಿನ್ನ ಹಾಗೆಯೇ ತಲೆ ಬಗ್ಗಿಸಿ ನಡೆಯುವ ಒಂದು ಹುಡುಗಿಯನ್ನು ನೋಡಿ ಹರ್ಷಾಳ ಕಾರು ನಿಲ್ಲಿಸಲು ಹೇಳಿದೆ. ಯಾರೋ ಏನೋ, ಪಾಪ ಹೆದರಿಬಿಟ್ಟಿತು.

ಮೀನು ಫ್ರೀಜರಿನಲ್ಲಿಟ್ಟು ತಿನ್ನಬೇಡ, ತಂದ ದಿನವೇ ಮಾಡು. ನೀನೂ ಅನ್ವಿತನೂ ಕೂಡಿ ಬಾಳುವ ದಿನ ಬರಲಿ. ಬರದಿದ್ದರೂ ನೀನು ಯಾರ ಎದುರೂ ಇಲ್ಲದ ಹೆಸರು ಹೇಳಿ ಬದುಕುವ ಹಾಗಾಗದಿರಲಿ. ಎಲ್ಲ ದೈವಗಳೂ ನಿನ್ನ ಬೆನ್ನಿಗಿರಲಿ.

ನಿನ್ನ ಅಮ್ಮ,
ವಾರಿಜಾಕ್ಷಿ ಸಾಲ್ಯಾನ್

ಮರೆತದ್ದಲ್ಲ, ಬಿಟ್ಟದ್ದು: ಬರಿ ಬರುವುದು ತಾಯಿಯಿಂದ, ಹಾಗಾಗಿ ವಿಚಾರಿಸುವುದೂ ತಾಯಿಯನ್ನೇ. ದೊಡ್ಡತ್ತೆ "ನಿನ್ನ ತಾಯಿ ಎಲ್ಲಿ? ಒಂದು ಮಾತು ಅವರ ಹತ್ತಿರ ಕೇಳಬೇಕು" ಎಂದಾಗ ನಾನು "ಸತ್ತು ಎಂಟು ವರ್ಷವಾಯಿತು" ಎಂದೆ. ನಿನಗೂ ಹಾಗೇ ಹೇಳಿ ಬೆಳೆಸಿದೆ. ಅಮ್ಮ ಆಗ ಹೆಜಮಾಡಿಯಲ್ಲಿ ಮೀನಿನ ಬುಟ್ಟಿ ಹೊತ್ತು ಮನೆ ಮನೆಗೆ ಹೋಗುತ್ತಿದ್ದಳು. ಮುಂಬಯಿಯಿಂದ ಊರಿಗೆ ಹೋದ ಯಾರೋ ಇದನ್ನು ಅವಳಿಗೆ ಹೇಳಿದರಂತೆ. "ಹೌದಾ? ನಾನು ಸತ್ತ ಸುದ್ದಿ ನನಗೇ ಗೊತ್ತಾಗಲಿಲ್ಲ ನೋಡು" ಎಂದು ನಕ್ಕು, ಬುಟ್ಟಿ ಎತ್ತಿಕೊಂಡು ಹೋದಳಂತೆ. ಮತ್ತೆ ನನ್ನನ್ನು ಹುಡುಕಲಿಲ್ಲ, ನನ್ನ ಸುಳ್ಳನ್ನು ಯಾರ ಹತ್ತಿರವೂ ಒಡೆಯಲೂ ಇಲ್ಲ. ಇನ್ನೂ ಹದಿನೇಳು ವರ್ಷ ಇದ್ದಳು. ಎಂಬತ್ತೊಂದನೇ ಇಸವಿಯಲ್ಲಿ, ಅಮ್ಮ ಹೋದಳು ಎಂದು ಊರ್ಮಿಳಾಳ ಕಾರ್ಡು ಬಂತು. ನಾನು ಅಡಿಗೆಮನೆಯಲ್ಲಿ ನಿಂತು ಓದಿದೆ. ಪಕ್ಕದಲ್ಲಿ ದೊಡ್ಡತ್ತೆ ತರಕಾರಿ ಹೆಚ್ಚುತ್ತಿದ್ದರು, ನೀನು ತಟ್ಟೆ ಹಿಡಿದು ಕೂತಿದ್ದಿ, ಐದು ವರ್ಷ ನಿನಗೆ. ಹಿಂದೆಯೇ ಸತ್ತವಳಿಗೆ ಇನ್ನೊಂದು ಸಲ ಅಳುವ ಹಾಗಿಲ್ಲವಲ್ಲ. ಕಾರ್ಡನ್ನು ಒಲೆಗೆ ಹಾಕಿ ದೋಸೆ ಹೊಯ್ದೆ. ಅವತ್ತು ಅಳಲಿಲ್ಲ, ಆಮೇಲೂ ಅತ್ತಿಲ್ಲ. ಈ ಕಾಗದ ಮುಟ್ಟಿದ ಮೇಲೆ ಒಂದು ಸಲ ಫೋನ್ ಮಾಡು ಮಗಾ. ನೀನು ಏನೂ ಮಾತಾಡಬೇಡ, ಸುಮ್ಮನೆ ಹಿಡಿದುಕೊಂಡಿರು. ನನಗೆ ನನ್ನ ಅಮ್ಮನಿಗಾಗಿ ಅಳಬೇಕು. ಗೊತ್ತಿರುವವರು ಒಬ್ಬರಾದರೂ ಅದನ್ನು ಕೇಳಿಸಿಕೊಳ್ಳಬೇಕು.